ಮೂರು ದಿನದ ಉಪ್ಪು

ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಡುವ ಸಾಲಿನಲ್ಲಿ ಹೊಲಿಗೆಯಾಕೆಯ ಮುಂದೆ ಒಬ್ಬ ಕ್ರೇನ್ ಚಾಲಕನೂ ಅವನ ಹೆಂಡತಿಯೂ ಕೂತಿದ್ದರು. ಪರರ ಮಾತಿಗೆ ಕಿವಿಗೊಡಬಾರದೆಂದು ಹೊಲಿಗೆಯಾಕೆ ತನ್ನ ಚೀಟಿಯನ್ನೇ ಓದುತ್ತಿದ್ದಳು. ಆದರೂ ಕೇಳಿಸಿತು.

“ರೀ, ರಕ್ತದಲ್ಲಿ ಏನು ನೋಡ್ತಾರೆ?”

“ಅಲ್ಡೋಸ್ಟಿರೋನ್ ಅಂತ ಹಾರ್ಮೋನು. ಚೆನ್ನಾಗಿ ಉಪ್ಪು ತಿಂದರೆ ಅದು ಇಳೀಬೇಕಂತೆ. ನನಗೆ ಇಳೀದಿದ್ರೆ, ಕಿಡ್ನಿ ಮೇಲಿನ ಗಡ್ಡೆಯೇ ತನ್ನಿಷ್ಟಕ್ಕೆ ಅದನ್ನ ಸುರಿಸ್ತಿದೆ ಅಂತ. ಗಡ್ಡೆ ತೆಗೀತಾರೆ, ಬಿಪಿ ಇಳಿಯುತ್ತೆ, ಮತ್ತೆ ಕ್ರೇನ್ ಹತ್ತೋದೇ.”

“ಆ ಕ್ರೇನಿನ ಡಬ್ಬದ ಮೇಲೆ ಅಷ್ಟು ಆಸೆನಾ?”

“ಮೇಲಿಂದ ಊರು ಏಳೋದನ್ನ ನೋಡಬೇಕು ಕಣೇ. ಬಿಪಿ ಅಂತ ಕೆಳಗಿಳಿಸಿದ ಮೇಲೆ ಎರಡು ವರ್ಷದಿಂದ ಗೇಟ್ ಕಾಯ್ತಾ ಕೂತು ಬರೋರ ಚಪ್ಪಲಿ ನೋಡ್ತಿದೀನಿ.”

ಹೆಂಡತಿ ಚೀಲದ ಹಿಡಿ ತಿರುಚಿದಳು.

“ಡಾಕ್ಟರು ಮೂರು ದಿನ ಅಡುಗೆಗೆ ಜಾಸ್ತಿ ಉಪ್ಪು ಹಾಕಿ ಅಂದಿದ್ರಲ್ಲ, ನಾನು ಹಾಕಲಿಲ್ಲ.”

“ನನ್ನ ನಾಲಿಗೆ ಕೆಟ್ಟಿದೆ ಅಂದ್ಕೊಂಡಿದ್ದೆ.”

“ನಿಮಗೆ ಬಿಪಿ ಬಂದಾಗಿಂದ ಆರು ವರ್ಷ ಉಪ್ಪಿನ ಡಬ್ಬಿ ಬಚ್ಚಿಟ್ಟಿದೀನಿ. ನಿಮಗೇನಾದ್ರೂ ಆದ್ರೆ ಅಂತ ಕೈ ಬರಲಿಲ್ಲ.”

“ಡಾಕ್ಟರಮ್ಮ ನೀನೇ ಅಲ್ವಾ.”

“ಸುಮ್ಮನೆ ರಕ್ತ ಕೊಟ್ಟುಬಿಡಿ. ಇಲ್ಲಾಂದ್ರೆ ಮತ್ತೆ ಒಂದು ತಿಂಗಳು ಕಾಯಬೇಕು.”

“ಆಮೇಲೆ ಹಾರ್ಮೋನು ಏರಿದ್ದು ಗಡ್ಡೆಯಿಂದಲೋ ನಿನ್ನ ಉಪ್ಪಿಲ್ಲದ ಅಡುಗೆಯಿಂದಲೋ, ಯಾರಿಗೆ ಗೊತ್ತಾಗುತ್ತೆ?”

ಅವನ ನಂಬರ್ ಕರೆದರು. ಅವನು ಕಿಟಕಿಗೆ ಹೋಗಿ, “ಸಿಸ್ಟರ್, ನಾನು ಉಪ್ಪು ತಿಂದಿಲ್ಲ, ಬೇರೆ ದಿನ ಕೊಡಿ” ಅಂದ. ಅವರು ಮುಂದಿನ ತಿಂಗಳ ತಾರೀಖು ಬರೆದುಕೊಟ್ಟರು. ಅವನು ಅದನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ.

“ಆ ಮೂರು ದಿನ ನೀವೇ ಉಪ್ಪು ಹಾಕ್ಕೊಳ್ಳಿ,” ಅಂದಳು ಹೆಂಡತಿ ಬಾಗಿಲು ದಾಟುತ್ತ. “ನಾನು ಆ ಕಡೆ ತಿರುಗಿ ನಿಂತಿರ್ತೀನಿ.”