ಫೋಟೋಗಳ ಪಾಲು

...ಏನಂದೆ? ಹುಣಸೆಹಣ್ಣು ಹಾಕಿ ಉಜ್ಜಿದ್ಳಾ? ಸೀಡೀನಾ? ಅಯ್ಯೋ ರಾಮಾ... ತಾಳು ತಾಳು, ಸ್ವಲ್ಪ ನಗೋಕೆ ಬಿಡು. ಲೇ ಕಾಂತ, ನಿನ್ನ ಹೆಂಡ್ತಿ ಭಾರತಮ್ಮನ ಭಕ್ತಿಗೆ ಕೈ ಮುಗೀಬೇಕು ಕಣೋ! ಆಯುಧಪೂಜೆ ದಿವ್ಸ ಸ್ಕೂಟರ್‌ಗೆ ಹೂವು, ಹೊಲಿಗೆ ಮಿಷನ್‌ಗೆ ಹೂವು, ಪಕ್ಕದಲ್ಲಿ ಅತ್ತೆ ಫೋಟೋ ಇರೋ ಸೀಡಿಗೆ ಮೂರು ಪಟ್ಟೆ ವಿಭೂತಿ, ಮಧ್ಯ ಕುಂಕುಮ. ಅದೂ ಮಿಂಚೋ ಕಡೆಗೇ! ಮಾರನೇ ದಿನ ಕುಂಕುಮ ಬಿಡ್ಲಿಲ್ಲ ಅಂತ ದೀಪದ ಕಂಬಗಳ ಜೊತೆ ಬಚ್ಚಲಿಗೆ ತಗೊಂಡೋಗಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು... ಸರಿಪೋಯಿಂದಿ ಪೋ! ಎಲ್ಲಿ, ತೋರ್ಸು. ಅಬ್ಬಾ! ಇದು ಸೀಡೀನೋ, ಸಾರಿನ ಪಾತ್ರೆ ಮುಚ್ಚಳಾನೋ?

ಯಾಕೆ, ಸಿಟ್ಟು ಬಂತಾ? ಸರಿ, ಸರಿ, ನಗಲ್ಲ. ಕೂತ್ಕೋ. ಆ ಮಂಚದ ಮೇಲೇ ಕೂತ್ಕೋ, ನಾನೇ ಕುರ್ಚಿ ಈ ಕಡೆ ತಿರುಗಿಸ್ಕೊಳ್ತೀನಿ. ಕಂಪ್ಯೂಟರ್ ಹಂಗೇ ಇರ್ಲಿ, ಇಸ್ಪೀಟ್ ಆಟ ಅರ್ಧಕ್ಕೆ ನಿಂತಿದೆ, ನೀನು ಹೋದ್ಮೇಲೆ ಮುಗಿಸ್ತೀನಿ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ರೆ ಪರದೆ ಮೇಲೆ ಮೀನು ಓಡಾಡ್ತವೆ, ಬೆಚ್ಚಿ ಬೀಳ್ಬೇಡ. ಮಗಳು ಹಾಕಿರೋದು.

ವೇಮಗಲ್‌ನಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದ್ಯಾ? ಪಾಪ. ಮುಳಬಾಗಿಲಲ್ಲಿ ಒಬ್ಬ ಅಣ್ಣ ಇದ್ದಾನೆ ಅಂತ ಈಗ ನೆನಪಾಯ್ತು. ಪಾಲಾದ ಮೇಲೆ ಇದೇ ಮೊದಲು ನೀನು ಈ ಹೊಸಿಲು ತುಳೀತಿರೋದು... ಇಲ್ಲಪ್ಪ, ಚುಚ್ಚಿ ಮಾತಾಡ್ತಿಲ್ಲ, ಸುಮ್ನೆ ಅಂದೆ. ಮುನಿಲಕ್ಷ್ಮೀ! ನಿನ್ನ ಮೈದುನ ಬಂದವ್ನೆ, ಕಾಫಿ ಕೊಡೇ! ...ಏನು, ಬೇಡ್ವಾ? ಅತ್ತಿಗೆ ಕೈ ಕಾಫಿನೂ ಬೇಡ್ವಾ? ಬಿಡು ಹಂಗಾದ್ರೆ.

ಅಮ್ಮನ ಫೋಟೋ ಬೇಕು. ನಾಳಿದ್ದು ವರ್ಷದ ತಿಥಿ, ಗೋಡೆಗೆ ಹಾಕೋಕೆ ಒಂದು ಫೋಟೋ ಇಲ್ಲ. ಅರ್ಥ ಆಯ್ತು ಕಣೋ, ಬಂದಾಗಿನಿಂದ ಅದನ್ನೇ ಹೇಳ್ತಿದ್ದೀಯ. ಆಲ್ಬಮ್ಮಾ? ಅದಕ್ಕೆ ಗೆದ್ದಲು ಹಿಡೀತು ಅಂತ ತಾನೇ ಎಲ್ಲಾ ಸ್ಕ್ಯಾನ್ ಮಾಡ್ಸಿ ಈ ಡಬ್ಬಕ್ಕೆ ತುಂಬಿದ್ದು! ವೋಟರ್ ಕಾರ್ಡಲ್ಲಿ ಒಂದಿದೆ, ನಿಜ. ಅದು ನಾನು ಅಂತ ಅಮ್ಮನೇ ಯಾವತ್ತೂ ಒಪ್ಪಿರ್ಲಿಲ್ಲ. ಅದನ್ನ ದೊಡ್ಡದು ಮಾಡ್ಸಿ ಹಾಕಿದ್ರೆ ತಿಥಿಗೆ ಬಂದೋರು ಯಾರ ಮನೆಗೆ ಬಂದ್ವಪ್ಪಾ ಅಂತ ವಾಪಸ್ ಹೋಗ್ತಾರೆ.

ನನ್ನ ಹತ್ರ ಎಲ್ಲಿಂದ ಬರ್ಬೇಕು ಹೇಳು? ಅಮ್ಮ ನಿನ್ನ ಪಾಲಿಗೆ ಬಂದ್ಳಲ್ಲ!

ಮರೆತೋಯ್ತಾ? ಇದೇ ನಡುಮನೇಲಿ, ಟೇಕಲ್‌ನಿಂದ ಚನ್ನರಾಯಪ್ಪ ಮಾವ ಬಂದು ಕೂತಿದ್ರು. ಹಂಡೆ, ಬಿಂದಿಗೆ, ಒರಳು, ರೇಷ್ಮೆ ಹುಳ ಬಿಡೋ ಚಂದ್ರಂಕಿ, ಎಲ್ಲಾ ಎರಡು ಗುಡ್ಡೆ. ಕ್ಯಾಮೆರಾ ನಿನಗೆ, ಕಂಪ್ಯೂಟರ್ ನನಗೆ. ಮಾವ ಕೇಳಿದ್ರು, ‘ವೆಂಕಟರಾಯಪ್ಪ, ಈ ಡಬ್ಬದೊಳಗೆ ಏನೈತಪ್ಪಾ?’ ಫೋಟೋ ಇದಾವೆ ಮಾವ ಅಂದೆ. ‘ಹಂಗಾದ್ರೆ ಅವನ್ನೂ ಪಾಲು ಹಾಕು.’ ನೀನು ಬುದ್ಧಿವಂತ, ‘ಕಾಪಿ ಮಾಡಿದ್ರೆ ಇಬ್ರಿಗೂ ಪೂರ್ತಿ ಸಿಗುತ್ತೆ ಮಾವ’ ಅಂದೆ. ಮಾವ ಎದ್ದೋಗಿ ಎಲೆ ಅಡಿಕೆ ಉಗಿದು ಬಂದು ಏನಂದ್ರು? ‘ಇಬ್ರಿಗೂ ಪೂರ್ತಿ ಸಿಕ್ಕಿದ್ರೆ ಅದೆಂಥ ಪಾಲಯ್ಯಾ?’ ಆಹಾಹಾ! ಕೋಲಾರದ ಕೋರ್ಟಲ್ಲಿ ವರ್ಷಗಟ್ಲೆ ಅಲೆದ್ರೂ ಇಂಥ ತೀರ್ಪು ಸಿಗಲ್ಲ ಬಿಡು.

ಯಾಕೆ ಹಂಗೆ ನೋಡ್ತೀಯ? ನಾನು ‘ಸರಿ ಮಾವ, ಹಂಗೇ ಮಾಡೋಣ ಮಾವ’ ಅಂದಿದ್ದಕ್ಕಾ? ಅಂದೆ! ಅನ್ನದೇ ಇರ್ತೀನಾ? ಹನ್ನೊಂದನೇ ದಿನದ ಊಟದ ಎಲೆ ಇನ್ನೂ ಎತ್ತಿರ್ಲಿಲ್ಲ, ‘ಅಣ್ಣ, ನನ್ನ ಪಾಲು’ ಅಂತ ಬಾಯಿ ಬಿಟ್ಟೋನು ಯಾರು? ನಾನಾ? ಹೊಟ್ಟೆ ಉರಿದೋಯ್ತು ಕಣೋ ನಂಗೆ. ಬೇಕಾ ಪಾಲು, ತಗೋ, ಚೊಕ್ಕವಾಗಿ ತಗೋ ಅಂದ್ಕೊಂಡೆ.

ಚೀಟಿ ಎತ್ತಿದ್ವಿ. ಮದುವೆ, ಗೃಹಪ್ರವೇಶ, ತಿರುಪತಿ ನನಗೆ. ಅಮ್ಮ ಯಾವ್ಯಾವುದ್ರಲ್ಲಿ ಇದ್ಳೋ ಅಷ್ಟೂ ನಿನಗೆ. ನಿನ್ನ ಮದುವೆ ಫೋಟೋಗಳೂ ನನ್ನ ಹತ್ರಾನೇ ಇದಾವೆ ನೋಡು, ನೀನು ತಾಳಿ ಕಟ್ಟೋದನ್ನ ನಾನು ನೋಡ್ಕೊಂಡು ಕೂತಿರ್ತೀನಿ! ಮಾವನ ಕಣ್ಣೆದುರಿಗೇ ಸೀಡಿ ಬರೆದು ನಿನ್ನ ಕೈಗಿಟ್ಟೆ. ಇಲ್ಲಿರೋದನ್ನ ಡಿಲೀಟ್ ಮಾಡ್ದೆ. ಕಸದ ಬುಟ್ಟಿನೂ ಖಾಲಿ ಮಾಡ್ದೆ. ಮಾವ ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿ ‘ಹೋಯ್ತಾ?’ ಅಂದ್ರು. ‘ಹೋಯ್ತು ಮಾವ.’ ಅದು ಕಣೋ ನಿಯತ್ತು! ನಿನ್ನ ಪಾಲಿನದು ಒಂದು ಗುಂಡುಸೂಜಿನೂ ಈ ಮನೇಲಿಲ್ಲ.

ಒಂದೇ ಒಂದು ಫೋಟೋನಾದ್ರೂ ಉಳಿದಿಲ್ವಾ ಅಂತ ಕೇಳ್ಬೇಡ. ಮಾವನ ಎದುರಿಗೇ ಖಾಲಿ ಮಾಡಿ ತೋರ್ಸಿದೆನಲ್ಲ. ಅವತ್ತೇ ಬಡ್ಕೊಂಡೆ, ಇನ್ನೊಂದು ಸೀಡಿ ಮಾಡಿಸ್ಕೊಳೋ, ಒಂದನ್ನೇ ನಂಬ್ಕೊಂಡು ಕೂರ್ಬೇಡ ಅಂತ. ಕಿವಿಗೆ ಹಾಕ್ಕೊಂಡ್ಯಾ? ಯಾರನ್ನೇ ಕೇಳು, ಇನ್ನೊಂದು ಎಲ್ಲಾದ್ರೂ ಒಳಗೆ ಬಚ್ಚಿಟ್ಟಿರ್ತಾರೆ... ಅಂದ್ರೆ, ಬುದ್ಧಿ ಇರೋರು. ಲೋಕದ ಮಾತು ಹೇಳ್ದೆ. ನನ್ನ ಮುಖ ಯಾಕೆ ನೋಡ್ತೀಯ?

ಏನ್ಲಾ, ಕೇಳಿಸ್ಕೊಳ್ತಿದ್ದೀಯೋ ಇಲ್ವೋ? ನನ್ನ ಹಿಂದೆ ಏನು ನೋಡ್ತಿದ್ದೀಯ? ಓ, ಮೀನು ಬಂದ್ವಾ? ನೋಡು, ನೋಡು. ಅದರಲ್ಲೊಂದು ಕೆಂಪು ಮೀನಿದೆ, ಥೇಟ್ ನಿನ್ನ ಹಾಗೇ, ಸುಮ್ಸುಮ್ನೆ ಬಾಯಿ ಬಿಡುತ್ತೆ. ಮಗಳು ಅದಕ್ಕೆ ಚಿಕ್ಕಪ್ಪ ಅಂತಾನೇ ಹೆಸರಿಟ್ಟಿದ್ದಾಳೆ... ನಗು ಬರ್ಲಿಲ್ವಾ? ಎದ್ದು ನಿಂತೆ ಯಾಕೆ? ಕೂತ್ಕೋ. ಇದೇನೋ ಇದು, ಕಣ್ಣಲ್ಲಿ ನೀರು! ಮೀನು ನೋಡಿ ಯಾರಾದ್ರೂ ಅಳ್ತಾರೇನೋ? ಸರಿಹೋಯ್ತು. ತಾಳು, ನಾನೂ ನೋಡ್ತೀನಿ...

...

ಈ ಹುಡುಗಿ... ಮೀನು ತೆಗೆದು ಈ ಫೋಟೋಗಳನ್ನ ಯಾವಾಗ ಹಾಕಿದ್ಳು? ಅಷ್ಟು ಒಳಗೆ ಇಟ್ಟಿದ್ದೆ... ಅಲ್ಲ, ಅಲ್ಲ, ಇದು ವೈರಸ್ ಇರ್ಬೇಕು ಕಣೋ. ವೈರಸ್ ಬಂದ್ರೆ ಹಿಂಗೇ ಆಗುತ್ತಂತೆ, ಅಳಿಸಿದ್ದೆಲ್ಲ ತಾನಾಗೇ ವಾಪಸ್...

ಅಮ್ಮ... ಟೇಕಲ್ ಸ್ಟೇಷನ್ ಬೆಂಚು. ಮಡಿಲ ತುಂಬ ಕಡ್ಲೆಕಾಯಿ ಸಿಪ್ಪೆ.

...ಇದು ಚಂದ್ರಂಕಿ ಹೊರಗೆ ತರ್ತಿರೋದು. ಬಾಯಿ ತೆರೆದಿದ್ದಾಳೆ ನೋಡು, ನನ್ನನ್ನೇ ಬೈತಿರೋದು. ಒಂದು ಕಡೆ ಹಿಡ್ಕೊಳೋ ಅಂತ.

ಕಾಂತ. ಏನಾದ್ರೂ ಅನ್ನೋ. ಬೈಯೋ ಬೇಕಾದ್ರೆ. ಟೇಕಲ್‌ಗೆ ಹೋಗಿ ಮಾವನಿಗೇ ಹೇಳು... ಏ, ಮೌಸ್ ಮುಟ್ಬೇಡ! ಮುಟ್ಬೇಡ ಕಣೋ. ಮುಟ್ಟಿದ್ರೆ ಹೋಗ್ಬಿಡ್ತಾಳೆ.