ಬಾವಿಮನೆಯ ಗೋಡೆ

ಹೊತ್ತು ಮೀರಿತ್ತು. ನನ್ನ ಚಿಕ್ಕಪ್ಪನ ಮಗ ಕೆಳಸಾಲಿನ ಮನೆಗಳಿಂದ ಬಾವಿಯ ದಾರಿ ಹಿಡಿದು ಒಬ್ಬನೇ ಮನೆಗೆ ಮರಳುತ್ತಿದ್ದ. ವೈರಿಂಗ್ ಅವನ ಕಸುಬು. ಹೆಗಲ ಚೀಲದಲ್ಲಿ, ಬಾವಿಮನೆಯ ಗೋಡೆಯಿಂದ ಆ ಸಂಜೆ ತಾನೇ ಬಿಚ್ಚಿಕೊಂಡ ರೇಡಿಯೋ ಪೆಟ್ಟಿಗೆ. ಬ್ಯಾಟರಿ ಬೇರೆಯಾಗಿ ಜೇಬಿನಲ್ಲಿ.

ಕಲ್ಲುಗಣಿಯ ಆ ವಸತಿಗೆ ಫೋನಿನ ಸಿಗ್ನಲ್ ಎಟಕದು. ಅದಕ್ಕೆಂದೇ ಅವನು ಗೋಡೆಗೋಡೆಗೂ ಇಂಥ ಪೆಟ್ಟಿಗೆಗಳನ್ನು ಕೂರಿಸಿದ್ದ. ಮೆಶ್ ಜಾಲವೆಂದು ಅದರ ಹೆಸರು. ಅದಕ್ಕೆ ಯಜಮಾನನೆಂಬವನಿಲ್ಲ, ಫೋನಿನಿಂದ ಬಂದ ಸುದ್ದಿಯನ್ನು ಒಂದು ಪೆಟ್ಟಿಗೆ ನೆರೆಯದಕ್ಕೆ ದಾಟಿಸುತ್ತದೆ, ಅದು ಮುಂದಿನದಕ್ಕೆ. ಬಂಡೆ ಸಿಡಿಸುವ ಎಚ್ಚರಿಕೆಯಿಂದ ಹಿಡಿದು ನರ್ಸಮ್ಮನ ಕರೆಯವರೆಗೆ ಸಕಲವೂ ಹೀಗೆಯೇ ಹಾಯುತ್ತಿತ್ತು.

"ನನ್ನ ಗೋಡೆ ದಾಟದೆ ನಿಮ್ಮ ಒಂದು ಗುಟ್ಟೂ ಹೋಗಲ್ಲ ಕಣೋ," ಎಂದು ಬಾವಿಮನೆಯಲ್ಲೇ ಇದ್ದು ಪಂಪು ನೋಡಿಕೊಳ್ಳುತ್ತಿದ್ದ ಅಜ್ಜಿ ಅವನನ್ನು ಛೇಡಿಸುತ್ತಿದ್ದಳು.

ಅಜ್ಜಿ ತೀರಿಕೊಂಡಳು. ಮನೆಗೆ ಬೀಗ ಬಿತ್ತು. ಹೊಸ ಸಾಲಿನವರು ತಮಗೂ ಒಂದು ಪೆಟ್ಟಿಗೆ ಬೇಕೆಂದು ಬೆನ್ನು ಹತ್ತಿದ್ದರು. ಒಂದು ಕೊಂಡಿ ಕಳಚಿದರೆ ಜಾಲ ತಾನೇ ಬೇರೆ ದಾರಿ ಹುಡುಕಿಕೊಳ್ಳುವುದೆಂಬ ಭರವಸೆಯಲ್ಲಿ, ಪರೀಕ್ಷಿಸದೆ, ಅಜ್ಜಿಯದನ್ನು ಅವನು ಬಿಚ್ಚಿದ್ದ.

ಮೇಲುಸಾಲಿನ ಮನೆಯಲ್ಲಿ ತುಂಬು ಗರ್ಭಿಣಿ ಹೆಂಡತಿ ಒಬ್ಬಳೇ. 'ಬರ್ತಿದ್ದೀನಿ' ಎಂದು ನಡೆಯುತ್ತಲೇ ಫೋನಿನಿಂದ ಅವಳಿಗೆ ಸುದ್ದಿ ಕಳಿಸಿದ. ಹೋಗಲಿಲ್ಲ. ಮತ್ತೆ ಕಳಿಸಿದ... ದಾರಿಯಿಲ್ಲ.

ಎರಡು ಸಾಲುಗಳ ನಡುವೆ ಇದ್ದ ಕೊಂಡಿ ಅಜ್ಜಿಯದೊಂದೇ; ಹೆಜ್ಜೆ ಚುರುಕು ಮಾಡಿದ. ಮೇಲುಸಾಲಿಗೂ ಕೆಳಸಾಲಿನ ನರ್ಸಮ್ಮನಿಗೂ ನಡುವೆ ಈಗ ಬರೀ ಬಂಡೆ.

ಬಾವಿಮನೆಯ ಮುಂದೆ ಬಂದ. ಮುಚ್ಚಿದ ಬಾಗಿಲ ಹಿಂದೆ... ಟಿಕ್.

ನಿಂತ.

ಟಿಕ್... ಟಿಕ್. ಪೆಟ್ಟಿಗೆ ಸುದ್ದಿ ದಾಟಿಸುವಾಗಿನ ಸದ್ದು. ಚೀಲ ತಡವಿದ. ಪೆಟ್ಟಿಗೆ ಅಲ್ಲೇ ಇತ್ತು, ತಣ್ಣಗೆ.

ಹಿಂದಿನಿಂದ ಜಲ್ಲಿಯ ಮೇಲೆ ಚರಕ್ ಚರಕ್ ಎಂದು ಹೆಜ್ಜೆಗಳು.

"ಯಾ... ಯಾರು?"

"ನಾನೇ ಕಣಪ್ಪ, ನರ್ಸು. ಇಲ್ಲೇನು ಗೂಟ ಹೊಡ್ಕೊಂಡು ನಿಂತಿದ್ದೀಯ? ನಡಿ, ನಿನ್ನ ಹೆಂಡತಿಗೆ ನೋವು ಶುರುವಾಗಿದೆ."

"ನಿಮಗೆ ಹೇಗೆ ಗೊತ್ತಾಯ್ತು?"

"ಅವಳ ಮೆಸೇಜು ಬಂತಲ್ಲ, ಈಗ್ತಾನೆ. ನೀನೇ ಹಾಕಿದ ಡಬ್ಬ, ನನ್ನ ಕೇಳ್ತೀಯಾ?"

ಒಳಗೆ ಮತ್ತೊಮ್ಮೆ... ಟಿಕ್.

ನರ್ಸಮ್ಮನ ದನಿ ತಗ್ಗಿತು. "ಅಜ್ಜಿ ಮನೇಲಿ ಯಾರಿದ್ದಾರೋ?"

"ಯಾರೂ ಇಲ್ಲ. ನಡೀರಿ."

ಮಗು ಕಾಲು ಮುಂದಾಗಿ ಬಂದಿತ್ತು. ಇನ್ನಷ್ಟು ತಡವಾಗಿದ್ದರೆ ತಾಯಿ, ಮಗು ಉಳಿಯುತ್ತಿರಲಿಲ್ಲವೆಂದು ನರ್ಸಮ್ಮ ಕೈ ತೊಳೆಯುತ್ತ ಹೇಳಿದಳಂತೆ. ಇಬ್ಬರೂ ಉಳಿದರು. ಅವನಿಗೆ ಮಾತ್ರ ನಿದ್ದೆ ಹತ್ತಲಿಲ್ಲ.

ಬೆಳಗಾಗುತ್ತಲೇ ಮನೆಯಿಂದ ನರ್ಸಮ್ಮನಿಗೆ ಸುದ್ದಿ ಕಳಿಸಿ ನೋಡಿದ. ಹೋಗಲಿಲ್ಲ. ಪೆಟ್ಟಿಗೆಯನ್ನು ಮೊದಲಿದ್ದಲ್ಲಿಯೇ ಮತ್ತೆ ಕೂರಿಸಬೇಕು. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನು ಕರೆದ. ಬೀಗ ತೆಗೆದೆವು. ಒಳಗೆ ಧೂಳು, ಮುಗ್ಗುವಾಸನೆ, ಗೋಡೆಯಲ್ಲಿ ಬರಿಯ ತಿರುಪಿನ ತೂತುಗಳು. ಅವನು ಅವುಗಳ ನಡುವೆ ಕೈಯಿಟ್ಟವನು ಥಟ್ಟನೆ ಹಿಂದೆಗೆದ.

"ಅಣ್ಣ... ನೀನೊಮ್ಮೆ ಮುಟ್ಟು."

ಮುಟ್ಟಿದೆ. ಉಳಿದ ಗೋಡೆಯೆಲ್ಲ ಕಲ್ಲಿನಂತೆ ತಣ್ಣಗೆ ಕೊರೆಯುತ್ತಿತ್ತು. ಅಲ್ಲಿ ಮಾತ್ರ, ಒಂದು ಅಂಗೈಯಗಲ... ಯಾರೋ ಬಹಳ ಹೊತ್ತು ಒರಗಿದ್ದು ಆಗಷ್ಟೇ ಎದ್ದುಹೋದಂತೆ, ಬೆಚ್ಚಗಿತ್ತು. ಇದು ಅವರಿವರು ಹೇಳಿದ್ದಲ್ಲ. ಮುಟ್ಟಿದ್ದು ಈ ಬಲಗೈ.