ಹಳದಿ ಕಾರಿಗೆ ಸಾದಾ ಪೆಟ್ರೋಲ್ ಹಾಕಿಸಿದವರ ಕುರಿತು

ಹೇಳಿಕೆ ನೀಡಿದವರು: ಕೆಳಗೆ ಸಹಿ ಮಾಡಿರುವ ನಾನು. ವಯಸ್ಸು 44. ಕೆಲಸ: ಸರ್ಕಾರಿ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಶ್ರವಣ ಪರೀಕ್ಷಕಿ. ವಾಸ: ರೈಲ್ವೆ ಗೇಟಿನ ಹಿಂದಿನ ಬೀದಿ, ಎಡಗಡೆಯ ಮೂರನೆಯ ಮನೆ. ಹಳದಿ ಕಾರಿನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ.

ಈ ಮೂಲಕ ತಿಳಿಸುವುದೇನೆಂದರೆ, ಇದೇ ತಿಂಗಳ 3ನೇ ತಾರೀಖು ಸಂಜೆ ಇದೇ ಠಾಣೆಯಲ್ಲಿ, ಇದೇ ಮೇಜಿನ ಮುಂದೆ ಕುಳಿತು ನಾನು ಕೊಟ್ಟ ದೂರು ತಪ್ಪು. ಮಾರುಕಟ್ಟೆ ಬದಿಯ ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲ್ ಹಾಕುವ ಹೆಂಗಸು ನಮಗೆ ಮೋಸ ಮಾಡಿಲ್ಲ. ನನ್ನ ದೂರಿನಿಂದಾಗಿ ಅವರನ್ನು ಹದಿನೆಂಟು ದಿನಗಳಿಂದ ಕೆಲಸಕ್ಕೆ ಸೇರಿಸಿಲ್ಲ. ನಾಳೆ ಬೆಳಿಗ್ಗೆ ಮಾಲೀಕರು ಅವರನ್ನು ಪೂರ್ತಿಯಾಗಿ ತೆಗೆದುಹಾಕುವವರಿದ್ದಾರೆ. ಅಷ್ಟರೊಳಗೆ ಈ ಹೇಳಿಕೆಯ ಪ್ರತಿ ಮಾಲೀಕರ ಕೈ ಸೇರಬೇಕೆಂದು ಕೋರುತ್ತೇನೆ. ಮೋಸ ಮಾಡಿದವರು ಯಾರೆಂಬುದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಕಾರು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ನಮ್ಮ ಅಪ್ಪ ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಿದ್ದರು. ಯಾರೋ ಗೋಡೆಗೆ ಗುದ್ದಿ ಬಿಟ್ಟುಹೋದ ಈ ಕಾರನ್ನು ಆರು ವರ್ಷ ಕೂತು ಸರಿಮಾಡಿ, ಹಳದಿ ಬಣ್ಣ ಹೊಡೆದು, ಕೊನೆಗಾಲದಲ್ಲಿ ನನ್ನ ಮತ್ತು ನನ್ನ ಅಣ್ಣನ ಹೆಸರಿಗೆ ಮಾಡಿದರು. ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ಬಾಗಿಲು ಕಿಟಕಿಗಳಿಗೆ ಗಾಜು ಕೂರಿಸುವ ಅಂಗಡಿ ಇಟ್ಟಿದ್ದಾನೆ, ಎದುರು ಮನೆಯಲ್ಲೇ ಇದ್ದಾನೆ. ನಾನು ಒಬ್ಬಳೇ ಇರುವವಳು. ನನ್ನ ಮನೆಯ ಇನ್ನೊಂದು ಬೀಗದ ಕೈ ಇರುವುದು ಅವನ ಹತ್ತಿರ.

ಊರಿನ ಬಂಕುಗಳಲ್ಲಿ ಎರಡು ಬಗೆಯ ಪೆಟ್ರೋಲ್ ಸಿಗುತ್ತದೆ. ತೊಂಬತ್ತೊಂದು ನಂಬರಿನದು ಸಾದಾ, ಅದರ ಬಣ್ಣ ಕೆಂಪು. ತೊಂಬತ್ತೇಳು ನಂಬರಿನದು ದುಬಾರಿ, ಅದರ ಬಣ್ಣ ಹಸಿರು. ನಂಬರು ಹೆಚ್ಚಿದ್ದರೆ ಶಕ್ತಿ ಹೆಚ್ಚು ಎಂದು ಜನ ತಿಳಿದಿದ್ದಾರೆ. ಹೆಚ್ಚಿರುವುದು ಶಕ್ತಿಯಲ್ಲ, ತಾಳ್ಮೆ. ನಮ್ಮ ಕಾರಿನ ಎಂಜಿನ್ ಪೆಟ್ರೋಲನ್ನು ಬಲವಾಗಿ ಒತ್ತುತ್ತದೆ. ಸಾದಾ ಪೆಟ್ರೋಲ್ ಆ ಒತ್ತಡ ತಡೆಯಲಾರದೆ ತನ್ನ ಸರದಿ ಬರುವ ಮೊದಲೇ ಹೊತ್ತಿಕೊಳ್ಳುತ್ತದೆ. ಆಗ ಒಳಗಿನಿಂದ ಒಂದು ಬಡಿತ ಕೇಳಿಸುತ್ತದೆ. ಎಳೆತ ಕಡಿಮೆಯಾಗುತ್ತದೆ, ಮೈಲೇಜ್ ಬೀಳುತ್ತದೆ, ಹಾಗೇ ಬಿಟ್ಟರೆ ಎಂಜಿನ್ನೇ ಹೋಗುತ್ತದೆ. ಈಗಿನ ಕಾರುಗಳಲ್ಲಿ ಅದನ್ನು ತಾನಾಗಿ ಸಂಭಾಳಿಸುವ ಸಾಧನವಿರುತ್ತದೆ, ನಮ್ಮದರಲ್ಲಿ ಇಲ್ಲ. ನನ್ನ ಸ್ಕೂಟರಿಗೆ ಸಾದಾ ಸಾಕು, ಅದನ್ನೇ ಹಾಕಿಸುತ್ತೇನೆ. ಬೇಡದ ಗಾಡಿಗೆ ದುಬಾರಿ ಹಾಕೋದು ದಡ್ಡತನ, ಬೇಕಾದ ಗಾಡಿಗೆ ಸಾದಾ ಹಾಕೋದು ದ್ರೋಹ ಎಂದು ಅಪ್ಪ ಹೇಳುತ್ತಿದ್ದರು. ಮರೆತೀರಿ ಎಂದು ಟ್ಯಾಂಕಿನ ಮುಚ್ಚಳದ ಒಳಬದಿಗೆ ಕಪ್ಪು ಬಣ್ಣದಲ್ಲಿ 97 ಎಂದು ಬರೆದೂ ಇಟ್ಟಿದ್ದಾರೆ. ಮುಚ್ಚಳ ತೆರೆದವರಿಗೆ ಅದು ಕಾಣದೆ ಇರಲು ಸಾಧ್ಯವಿಲ್ಲ.

ಊರಿನ ಕಾರು ಸಂಘದವರು ವರ್ಷಕ್ಕೊಮ್ಮೆ ಮೈಲೇಜ್ ಓಟ ನಡೆಸುತ್ತಾರೆ. ವೇಗದ ಕಾರುಗಳನ್ನೇ ತಂದು, ಯಾರು ಕಡಿಮೆ ಪೆಟ್ರೋಲಿನಲ್ಲಿ 120 ಕಿಲೋಮೀಟರು ಮುಗಿಸುತ್ತಾರೆಂದು ನೋಡುವ ಓಟ ಅದು. ಇದನ್ನು ಬರೆದುಕೊಳ್ಳುತ್ತಿರುವ ಪೇದೆಯವರು ಇಲ್ಲಿ ನಕ್ಕು, ಸ್ಪೋರ್ಟ್ಸ್ ಕಾರಲ್ಲಿ ಮೈಲೇಜ್ ಯಾರು ನೋಡ್ತಾರೆ ಎಂದು ಕೇಳಿದರು. ನೋಡುವವರು ಇದ್ದೇವೆ, ಅದನ್ನೂ ಬರೆಯಿರಿ ಎಂದೆ. ಚಕ್ರಕ್ಕೆ ಸರಿಯಾಗಿ ಗಾಳಿ ಇರಬೇಕು. ಡಿಕ್ಕಿಯಲ್ಲಿ ಬೇಡದ ಸಾಮಾನು ಇರಬಾರದು. ಮುಂದಿನ ತಿರುವನ್ನು ಮೊದಲೇ ನೋಡಿ ಕಾಲು ತೆಗೆದರೆ ಬ್ರೇಕಿನ ಕೆಲಸವೇ ಇರುವುದಿಲ್ಲ. ಒಮ್ಮೆ ಒತ್ತಿದ ಬ್ರೇಕು ಎಂದರೆ ಸುಮ್ಮನೆ ಚೆಲ್ಲಿದ ಪೆಟ್ರೋಲು. ಹೀಗೆ ಓಡಿಸಿ ನಾನು ಹನ್ನೊಂದು ಸಲ ಗೆದ್ದಿದ್ದೇನೆ. ಅಣ್ಣ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದ.

ಸಂಘದಲ್ಲಿ ಒಂದು ಪದ್ಧತಿ ಇದೆ. ಓಡಿಸುವವರು ತುಂಬಿಸಬಾರದು, ತುಂಬಿಸುವವರು ಓಡಿಸಬಾರದು. ಟ್ಯಾಂಕ್ ತುಂಬಿಸುವಾಗ ಓಡಿಸುವವರು ಇಳಿದು, ಹತ್ತು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ನಿಲ್ಲಬೇಕು. ಹಿಂದೊಮ್ಮೆ ಒಬ್ಬ ಮಹಾಶಯರು ತುಂಬಿಸುವಾಗ ಕಾರನ್ನು ಅಲ್ಲಾಡಿಸಿ ಅಲ್ಲಾಡಿಸಿ ಒಳಗಿನ ಗಾಳಿ ಹೊರಹಾಕಿ, ಲೆಕ್ಕಕ್ಕೆ ಸಿಗದಷ್ಟು ಹೆಚ್ಚಿಗೆ ತುಂಬಿಸಿದ್ದರಂತೆ. ಅಂದಿನಿಂದ ಬಂದ ನಿಯಮ. ನಾನು ಅದನ್ನು ಅಭ್ಯಾಸದ ದಿನಗಳಲ್ಲೂ ಬಿಟ್ಟವಳಲ್ಲ. ಹನ್ನೊಂದು ವರ್ಷ ನಾನು ಅಣ್ಣನಿಗೆ ಬೆನ್ನು ಹಾಕಿ ನಿಂತಿದ್ದೇನೆ.

ಕಳೆದ ತಿಂಗಳ ಕೊನೆಯ ವಾರ ಅಭ್ಯಾಸ ಶುರುಮಾಡಿದೆವು. ಲೀಟರಿಗೆ 15 ಕಿಲೋಮೀಟರು ಕೊಡುತ್ತಿದ್ದ ಕಾರು 12ಕ್ಕೆ ಇಳಿಯಿತು. ನೀರಿನ ಟ್ಯಾಂಕಿನ ದಿಬ್ಬ ಹತ್ತುವಾಗ ಎಂಜಿನಿನಿಂದ, ಡಬ್ಬದಲ್ಲಿ ಸಣ್ಣ ಕಲ್ಲು ಅಲ್ಲಾಡಿಸಿದಂಥ ಸದ್ದು ನನಗೆ ಕೇಳಿಸಿತು. ಜನರಿಗೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಎಂದು ನೋಡುವುದೇ ನನ್ನ ಕೆಲಸ. ಅಣ್ಣನಿಗೆ ಹೇಳಿದೆ. ತನಗೆ ಏನೂ ಕೇಳಿಸುತ್ತಿಲ್ಲ, ಡ್ಯೂಟಿ ಮುಗಿದ ಮೇಲೂ ನಿನ್ನ ಕಿವಿ ರಜಾ ತಗೊಳ್ಳಲ್ಲ ಎಂದು ಅವನು ನಕ್ಕ. ನಾನೂ ನಕ್ಕೆ. ನನ್ನ ಕಿವಿಗಿಂತ ಅವನ ಮಾತನ್ನೇ ನಂಬಿದೆ.

3ನೇ ತಾರೀಖು ಬೆಳಿಗ್ಗೆ ಸದ್ದು ಜಾಸ್ತಿಯಾದ್ದರಿಂದ ಕಾರನ್ನು ಮೆಕ್ಯಾನಿಕ್ ಬಳಿ ಒಯ್ದೆವು. ಅವರು ಟ್ಯಾಂಕಿನಿಂದ ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿದರು. ಹಸಿರು ಇರಬೇಕಾದದ್ದು ಕೆಂಪಗಿತ್ತು. ಸಾದಾ ಕುಡಿಸ್ತಿದೀರಲ್ಲ ಎಂದರು. ಸಾಧ್ಯವೇ ಇಲ್ಲ, ಅಣ್ಣ ಹಾಕಿಸುವುದು ತೊಂಬತ್ತೇಳು ಎಂದೆ. ಅಣ್ಣ ಬಾಟಲಿಯನ್ನು ಕೈಗೆ ತೆಗೆದುಕೊಂಡು ನೋಡಿ, ಬಂಕಿನವಳು ದುಬಾರಿದು ಅಂತ ಹೇಳಿ ಸಾದಾ ಹಾಕ್ತಿದಾಳೆ ಎಂದ.

ನಾವು ನೇರ ಬಂಕಿಗೆ ಹೋದೆವು. ಆ ಹೆಂಗಸು ನನಗಿಂತ ಚಿಕ್ಕವರು, ನೀಲಿ ಸಮವಸ್ತ್ರದ ತೋಳು ಮಡಚಿಕೊಂಡಿದ್ದರು. ನಾನು ಎಲ್ಲರ ಎದುರಿಗೇ ಕೇಳಿದೆ. ಅವರು, "ನಿಮ್ಮಣ್ಣ ಏನು ಕೇಳಿದ್ರೋ ಅದನ್ನೇ ಹಾಕಿದೀನಿ ಮೇಡಂ" ಎಂದರು. ಮೂರು ಸಲ ಹಾಗೇ ಹೇಳಿದರು. ಮೂರನೆಯ ಸಲ ಹೇಳುವಾಗ ನನ್ನನ್ನು ಬಿಟ್ಟು ಅಣ್ಣನ ಮುಖ ನೋಡಿದರು. ಕಳ್ಳನಿಗೊಂದು ಪಿಳ್ಳೆ ನೆವ ಎಂದು ಅಣ್ಣ ಅಂದ. ರಸೀದಿ ತೆಗೆದುಕೊಳ್ಳುವ ಅಭ್ಯಾಸ ಅವನಿಗಿಲ್ಲ, ಬಂಕಿನ ಕ್ಯಾಮೆರಾ ರಸ್ತೆಯ ಕಡೆಗಿದೆ. ಅವರ ಮಾತಿಗೆ ಅವರ ಮಾತೇ ಆಧಾರ, ನಮ್ಮ ಮಾತಿಗೆ ಇಬ್ಬರಿದ್ದೆವು.

ಸಂಜೆ ಐದು ಗಂಟೆಗೆ ಈ ಠಾಣೆಗೆ ಬಂದು ದೂರು ಕೊಟ್ಟೆ. ಒಬ್ಬ ಹೆಂಗಸಿನ ಅನ್ನದ ವಿಷಯ, ಸುಮ್ಮನೆ ಗದರಿಸಿ ಬಿಡೋಣವಾ ಎಂದು ನಾನು ಅಣ್ಣನನ್ನು ಹೊರಗೆ ಜಗಲಿಯಲ್ಲಿ ಕೇಳಿದ್ದುಂಟು. "ನಿಜ ಹೇಳೋಕೆ ಯಾಕೆ ಹೆದರಿಕೆ ಪುಟ್ಟಿ, ನಾನಿದೀನಲ್ಲ" ಎಂದು ಅವನು ನನ್ನ ಬೆನ್ನು ತಟ್ಟಿದ. ಆಮೇಲೆ ಒಳಗೆ ಬಂದು ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿದ. ಪೆನ್ನು ಬರೆಯದಿದ್ದಾಗ ಸಾಹೇಬರ ಪೆನ್ನು ಕೇಳಿ ಪಡೆದು ಮಾಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಲ್ಲ ನನ್ನ ಅಣ್ಣ, ಪಕ್ಕದವರ ಹೆಗಲು ತೋರಿಸುವವನು ಎಂದು ನನಗೆ ಆಗ ಗೊತ್ತಿರಲಿಲ್ಲ.

ಮೆಕ್ಯಾನಿಕ್ ಟ್ಯಾಂಕ್ ತೊಳೆದು, ಎಂಜಿನ್ ಬಿಚ್ಚಿ ನೋಡಿ, ಇನ್ನೂ ಕೆಟ್ಟಿಲ್ಲ, ಇನ್ನೊಂದು ತಿಂಗಳು ಹೀಗೇ ಓಡಿಸಿದ್ದರೆ ಗುಜರಿಗೆ ಹಾಕಬೇಕಾಗುತ್ತಿತ್ತು ಎಂದು ಹೇಳಿ 19ನೇ ತಾರೀಖು ಬೆಳಿಗ್ಗೆ ಕಾರು ಕೊಟ್ಟರು. ಮಾರುಕಟ್ಟೆ ಬಂಕಿಗೆ ಮತ್ತೆ ಹೋಗುವ ಮನಸ್ಸು ನನಗಿರಲಿಲ್ಲ. ಸೇತುವೆ ಪಕ್ಕದ ಬಂಕಿಗೆ ಹೋದೆವು. ನನ್ನ ಸ್ಕೂಟರಿಗೆ ವಾರವಾರ ಪೆಟ್ರೋಲ್ ಹಾಕಿಸುವ ಬಂಕು ಅದು. ಅಣ್ಣ ಅಲ್ಲಿಗೆ ಯಾವತ್ತೂ ಬಂದವನಲ್ಲ.

ಪದ್ಧತಿಯಂತೆ ನಾನು ಇಳಿದು, ಹತ್ತು ಹೆಜ್ಜೆ ನಡೆದು, ರಸ್ತೆಯ ಕಡೆ ಮುಖ ಮಾಡಿ ನಿಂತೆ. ಆ ಬಂಕಿನಲ್ಲಿ ದುಬಾರಿ ಪೆಟ್ರೋಲಿನ ಯಂತ್ರ ಹೊಸದು, ಉಸಿರು ಬಿಟ್ಟಷ್ಟೇ ಸದ್ದು. ಸಾದಾ ಪೆಟ್ರೋಲಿನದು ಹಳೆಯದು, ಶುರುವಾಗುವಾಗ ಕುಂಯ್ ಎಂದು ಕೊರಗಿ ಆಮೇಲೆ ಗುರುಗುಟ್ಟುತ್ತದೆ. ನನ್ನ ಸ್ಕೂಟರಿಗೆ ಹಾಕುವಾಗ ಪ್ರತಿ ವಾರ ಕೇಳುವ ಸದ್ದು. ನನ್ನ ಬೆನ್ನ ಹಿಂದೆ ಕುಂಯ್ ಎಂದಿತು. ಪಕ್ಕದಲ್ಲಿ ಬೇರೆ ಗಾಡಿ ಬಂದಿರಬಹುದು ಎಂದುಕೊಂಡೆ. ಬೇರೆ ಗಾಡಿಯ ಸದ್ದು ಇರಲಿಲ್ಲ. ಗುರುಗುಟ್ಟುವುದು ನಿಂತ ಕೂಡಲೇ ನಮ್ಮ ಕಾರಿನ ಟ್ಯಾಂಕಿನ ಮುಚ್ಚಳ ತಿರುಗಿಸಿದ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ನಿಯಮಕ್ಕಾಗಿ ಅಲ್ಲ, ನೋಡಲು ಧೈರ್ಯವಾಗಲಿಲ್ಲ. "ಆಯ್ತು ಪುಟ್ಟಿ, ತೊಂಬತ್ತೇಳು, ಕಂಠಪೂರ್ತಿ" ಎಂದು ಅಣ್ಣ ಕೂಗಿದ.

ಅಲ್ಲಿಂದ ನೀರಿನ ಟ್ಯಾಂಕಿನ ದಿಬ್ಬದವರೆಗೆ ನಾಲ್ಕು ಕಿಲೋಮೀಟರು. ದಿಬ್ಬದ ಅರ್ಧಕ್ಕೆ ಬರುವಾಗ ಡಬ್ಬದೊಳಗಿನ ಕಲ್ಲು ಅಲ್ಲಾಡತೊಡಗಿತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಯಾಕೆ ಎಂದು ಮಾತ್ರ ಕೇಳಿದೆ. ಯಾವುದು ಯಾಕೆ ಎಂದು ಅವನು ಕೇಳಲಿಲ್ಲ.

ಪ್ರತಿ ಸಲ ಮೈಕಿನಲ್ಲಿ ಕೂಗುವುದು ನಿನ್ನ ಹೆಸರು, ನನ್ನನ್ನು ಸಂಘದಲ್ಲಿ ಪೆಟ್ರೋಲಣ್ಣ ಅಂತಾರೆ, ನಿನ್ನ ಮುಂದೆ ಹೇಳಲ್ಲ ಅಷ್ಟೇ ಎಂದ. "ಒಂದೇ ಒಂದು ಸಲ ನೀನು ಸೋಲೋದು ನೋಡ್ಬೇಕಿತ್ತು" ಎಂದ. ಎರಡು ವರ್ಷದ ಹಿಂದೆ ತಾನು ಓಡಿಸುತ್ತೇನೆಂದು ಕೇಳಿದಾಗ ನಿನ್ನ ಕಾಲು ಭಾರ ಎಂದು ನಾನು ಹೇಳಿದ್ದನ್ನು ನೆನಪಿಸಿದ. ಹೇಳಿದ್ದು ಹೌದು. ಅವನ ಕಾಲು ಭಾರವೇ. ಅವನು ಓಡಿಸಿದರೆ ಲೀಟರಿಗೆ ಒಂಬತ್ತು ದಾಟುವುದಿಲ್ಲ. ಅದಕ್ಕೆ ಅಪ್ಪನ ಎಂಜಿನನ್ನು ಒಳಗಿನಿಂದ ಒಡೆಯುವುದೇ ಎಂದು ಕೇಳಿದೆ. ಅಪ್ಪ ನಿನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಸ್ಟೀರಿಂಗ್ ಹಿಡಿಸಿದ್ದು, ನನ್ನ ಕೈಗೆ ಕೊಟ್ಟಿದ್ದು ಒರೆಸೋ ಬಟ್ಟೆ ಎಂದ.

ಅಷ್ಟನ್ನು ನಾನು ಹೇಗಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಬಂಕಿನ ಹೆಂಗಸಿನ ಗತಿ ಏನು, ನಾಳೆಯೇ ಠಾಣೆಗೆ ಹೋಗಿ ಇಬ್ಬರೂ ನಿಜ ಹೇಳೋಣ ಎಂದು ಕೇಳಿಕೊಂಡೆ. ಆಗ ಅವನು ಹೇಳಿದ್ದನ್ನು ಅವನು ಹೇಳಿದಂತೆಯೇ ಬರೆಯಬೇಕೆಂದು ಪೇದೆಯವರನ್ನು ಕೋರಿದ್ದೇನೆ. "ಅವಳಿಗೆ ಇನ್ನೊಂದು ಬಂಕ್ ಸಿಗತ್ತೆ. ನಿಂಗೆ ಇನ್ನೊಬ್ಬ ಅಣ್ಣ ಸಿಗ್ತಾನಾ?" ಎಂದ. ಆಮೇಲೆ ಬಾಗಿಲು ತೆಗೆದು ಇಳಿದು ದಿಬ್ಬ ಇಳಿಯುತ್ತಾ ನಡೆದು ಹೋದ.

ನಿನ್ನೆ 20ನೇ ತಾರೀಖು ಸಂಜೆ ಬಂಕಿನ ಹೆಂಗಸಿನ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ, ನೀಲಿ ಸಮವಸ್ತ್ರವನ್ನು ಒಗೆದು ಇಸ್ತ್ರಿ ಮಾಡಿ ಮೊಳೆಗೆ ತೂಗುಹಾಕಿದ್ದರು. ನಾನು ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಹಾಲಿನವನು ಅಳೆಯುವಾಗ, ನೋಡಮ್ಮಾ ಸರಿಯಾಗಿದೆಯಾ, ನಿನ್ನ ಹಾಗಲ್ಲ ನಾನು ಅಂತಾನೆ ಎಂದು ಹೇಳಿದರು. ಆಮೇಲೆ, ನಾನು ಅವತ್ತೇ ಹೇಳಿದ್ನಲ್ಲ ಮೇಡಂ, ಮೂರು ಸಲ ಹೇಳಿದ್ದೆ ಎಂದರು. ದಿನವಿಡೀ ಸಣ್ಣ ಸದ್ದುಗಳಿಗೆ ಕಿವಿಗೊಡುವ ನಾನು, ಎದುರಿಗೆ ನಿಂತು ಮೂರು ಸಲ ಹೇಳಿದ್ದನ್ನು ಕೇಳಿಸಿಕೊಂಡಿರಲಿಲ್ಲ.

ಇಂದು ಠಾಣೆಗೆ ಬಂದಾಗ ಸಾಹೇಬರು ನನ್ನ ಒಳ್ಳೆಯದಕ್ಕೇ ಒಂದು ಮಾತು ಹೇಳಿದರು. ಒಡಹುಟ್ಟಿದವರು, ಎದುರುಬದುರು ಮನೆ, ಅಣ್ಣನ ಹೆಸರು ಯಾಕೆ, ತಪ್ಪು ತಿಳುವಳಿಕೆಯಿಂದ ದೂರು ಕೊಟ್ಟಿದ್ದೆ ಅಂತ ಬರೆದು ವಾಪಸ್ ತಗೊಳ್ಳಿ ಎಂದರು. ಒಪ್ಪಲಿಲ್ಲ. ತಪ್ಪು ತಿಳುವಳಿಕೆ ಎಂದು ಬರೆದರೆ ಬಂಕಿನ ಮಾಲೀಕರಿಗೆ ಅನುಮಾನ ಉಳಿಯುತ್ತದೆ, ಹಾಲಿನವನ ತಮಾಷೆಯೂ ಉಳಿಯುತ್ತದೆ. ನಮ್ಮ ಕಾರಿಗೆ ಸಾದಾ ಪೆಟ್ರೋಲ್ ಕೇಳಿ ಹಾಕಿಸಿದವನು ನನ್ನ ಒಡಹುಟ್ಟಿದ ಅಣ್ಣ. ಅವನಿಗೆ ಶಿಕ್ಷೆ ಆಗಲೇಬೇಕೆಂದು ನಾನು ಕೇಳುತ್ತಿಲ್ಲ. ಅವನು ಮಾಡಿದ್ದು ಅವನ ಹೆಸರಿನಲ್ಲೇ ಇರಬೇಕು, ಆ ಹೆಂಗಸಿನ ಹೆಸರಿನಲ್ಲಿ ಅಲ್ಲ. ಬರುವ ಭಾನುವಾರದ ಓಟಕ್ಕೆ ನಾನು ಹೋಗುವುದಿಲ್ಲ. ತುಂಬಿಸುವವರಿಲ್ಲದೆ ಓಡಿಸಲು ಸಂಘದ ನಿಯಮ ಒಪ್ಪುವುದಿಲ್ಲ, ಇನ್ನೊಬ್ಬರಿಗೆ ಬೆನ್ನು ಹಾಕಿ ನಿಲ್ಲಲು ನನ್ನಿಂದಾಗುವುದಿಲ್ಲ.

ಮೇಲಿನದನ್ನು ಪೇದೆಯವರು ಗಟ್ಟಿಯಾಗಿ ಓದಿ ಹೇಳಿದರು. ಕಣ್ಣು ಮುಚ್ಚಿಕೊಂಡು ಕೇಳಿದೆ. ನಾನು ಹೇಳಿದ್ದೂ ಅವರು ಓದಿದ್ದೂ ಒಂದೇ ಆಗಿದೆ, ನನಗೆ ತಿಳಿದಮಟ್ಟಿಗೆ ಎಲ್ಲವೂ ಸತ್ಯ. ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 21, ಬುಧವಾರ, ಮಧ್ಯಾಹ್ನ 12.40
ಸಹಿ: (ಇದೆ)

ಸಾಕ್ಷಿ: ಯಾರನ್ನೂ ಕರೆತಂದಿಲ್ಲ. ಜೊತೆಗೆ ಯಾರಾದರೂ ಇದ್ದಾರೆಯೇ ಎಂದು ಸಾಹೇಬರು ಕೇಳಿದರು. ಹೋದ ಸಲ ಅಣ್ಣ ಇದ್ದ ಎಂದೆ.